ಹಸಿದು ಬಂದವನ ಭಕ್ತಿ

ಧರ್ಮದ ಬಾಗಿಲಿಗೆ ಮನುಷ್ಯನು ಯಾವ ಕಾರಣದಿಂದ ಬರುತ್ತಾನೆ ಎಂಬುದು ಮುಖ್ಯವೋ, ಬಂದ ಮೇಲೆ ಏನಾಗುತ್ತಾನೆ ಎಂಬುದು ಮುಖ್ಯವೋ? ಈ ಪ್ರಶ್ನೆ ಪಂಡಿತರ ವಾಗ್ವಾದಕ್ಕೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ, ಮುಂದೆ ಒಳ್ಳೆಯ ಹುದ್ದೆಗಳಿಗೆ ಏರಿದ ಹಳೆಯ ವಿದ್ಯಾರ್ಥಿಗಳು ದರ್ಶನಕ್ಕೆ ಬಂದಾಗ ಎಷ್ಟೋ ವೇಳೆ ತಲೆ ತಗ್ಗಿಸಿ ಒಂದು ಮಾತು ಹೇಳುವುದುಂಟು: "ಬುದ್ಧೀ, ನಾವು ಧರ್ಮಕ್ಕಾಗಿ ಬಂದವರಲ್ಲ, ಎರಡು ಹೊತ್ತಿನ ಊಟಕ್ಕಾಗಿ ಬಂದವರು." ಆ ಮಾತಿನಲ್ಲಿ ಕೃತಜ್ಞತೆಯಿದೆ, ಜೊತೆಗೆ ಏನೋ ಒಂದು ಅಳುಕೂ ಇದೆ. ಅನ್ನದ ಕಾರಣದಿಂದ ಹುಟ್ಟಿದ ಭಕ್ತಿ ಎರಡನೆಯ ದರ್ಜೆಯ ಭಕ್ತಿ, ತತ್ತ್ವ ತಿಳಿದು ಬಂದವನದೇ ನಿಜವಾದ ಭಕ್ತಿ ಎಂಬ ಭಾವನೆ ಆ ಅಳುಕಿನ ಹಿಂದೆ ಅಡಗಿದೆ.

ಈ ಭಾವನೆ ಸಮಾಜದಲ್ಲಿ ಬೇರೆ ರೂಪದಲ್ಲಿಯೂ ಸಂಚರಿಸುತ್ತಿದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರವನ್ನು ಕುರಿತು ಶಾಸನವಾದಾಗ 'ಆಮಿಷ' ಎಂಬ ಶಬ್ದ ಮನೆಮಾತಾಯಿತು. ಮರುವರ್ಷ ಆ ಶಾಸನವನ್ನು ಹಿಂತೆಗೆಯಲು ಸಚಿವ ಸಂಪುಟ ತೀರ್ಮಾನಿಸಿತು. ಶಾಸನದ ಒಳಿತು ಕೆಡಕುಗಳನ್ನು ನ್ಯಾಯಶಾಸ್ತ್ರಜ್ಞರಿಗೆ ಬಿಡೋಣ. ಆದರೆ ಬಡವನ ಶ್ರದ್ಧೆಯ ಮಾತು ಬಂದಾಗಲೆಲ್ಲ ಆಮಿಷದ ಮಾತೂ ಕೂಡಲೇ ಏಕೆ ಬರುತ್ತದೆ, ಸಿರಿವಂತನ ಶ್ರದ್ಧೆಯ ಬಗ್ಗೆ ಯಾರೂ ಏಕೆ ಹಾಗೆ ಕೇಳುವುದಿಲ್ಲ ಎಂಬುದನ್ನು ಧರ್ಮದ ದಾರಿಯಲ್ಲಿರುವವರು ಯೋಚಿಸಲೇಬೇಕು. ಇದಕ್ಕೆ ಒಬ್ಬ ಪರಧರ್ಮೀಯ ಗುರುವಿನ ಜೀವನ ಬಹಳ ಉಪಯುಕ್ತವಾದ ದೃಷ್ಟಾಂತವಾಗಿದೆ. ಅವರು ನಮ್ಮ ಕನ್ನಡ ನಾಡಿನಲ್ಲಿಯೇ ಬಾಳಿದವರು; ಅವರ ಒಂದು ಗುರುತು ಬೆಂಗಳೂರು ದಂಡಿನಲ್ಲಿ ಇಂದಿಗೂ ಉಳಿದಿದೆ.

ಶಿವಾಜಿನಗರದ ರಸಲ್ ಮಾರುಕಟ್ಟೆಯ ಎದುರಿಗೆ ಎತ್ತರವಾದ ಗೋಪುರದ ಸಂತ ಮರಿಯಮ್ಮನವರ ದೇವಾಲಯವನ್ನು ನೀವು ನೋಡಿರಬಹುದು. ಗೋಥಿಕ್ ಶೈಲಿಯ ಈಗಿನ ಕಟ್ಟಡ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಗೊಂಡಿತು. 1970ರ ದಶಕದಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಉನ್ನತ ಪದವಿ ದೊರೆಯಿತು. ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಅಲ್ಲಿ ನಡೆಯುವ ಮಾತೆಯ ಉತ್ಸವದಲ್ಲಿ ತೇರು ಹೊರಡುತ್ತದೆ. ಸೀರೆಯುಟ್ಟ ಮಾತೆಯ ಮುಂದೆ ಕಾವಿಯ ಬಣ್ಣದ ಬಟ್ಟೆ ತೊಟ್ಟ ಹರಕೆಯ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಅವರಲ್ಲಿ ಎಲ್ಲ ಮತಗಳವರೂ ಇರುತ್ತಾರೆ. ಈ ಪ್ರದೇಶವನ್ನು ಹಿಂದೆ ಬ್ಲಾಕ್‌ಪಲ್ಲಿ ಎನ್ನುತ್ತಿದ್ದರು. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿಯಾದುದರಿಂದ 'ಬಿಳಿಅಕ್ಕಿಪಳ್ಳಿ' ಎಂಬ ಹೆಸರಿದ್ದು, ಅದೇ ಇಂಗ್ಲಿಷರ ಬಾಯಲ್ಲಿ ಹೀಗಾಯಿತೆಂದು ಹೇಳುವುದುಂಟು. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನೆ ಇಲ್ಲಿಗೆ ಬಂದು ನೆಲೆಸಿತು. ಹಲಸೂರಿನ ಸೋಮೇಶ್ವರನ ಸನ್ನಿಧಿಯಿಂದ ಪಶ್ಚಿಮಕ್ಕೆ ಹಬ್ಬಿದ್ದ ಹೊಲಗದ್ದೆಗಳು ದಂಡಾಗಿ ಮಾರ್ಪಟ್ಟವು. ಸೇನೆಯ ಬೆನ್ನ ಹಿಂದೆಯೇ ಕೂಲಿಯವರು, ಅಡಿಗೆಯವರು, ಗಾಡಿಯವರು, ಸಣ್ಣ ವ್ಯಾಪಾರಿಗಳು ತಮಿಳು ನಾಡಿನ ಕಡೆಯಿಂದ ಬಂದರು. ಅವರಲ್ಲಿ ಕ್ರೈಸ್ತರೂ ಇದ್ದರು. ಆ ಜನರಿಗಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಇಲ್ಲಿ ಹುಲ್ಲು ಹೊದಿಸಿದ ಒಂದು ಸಣ್ಣ ಪ್ರಾರ್ಥನಾ ಮಂದಿರ ಎದ್ದಿತು. ಅದನ್ನು ಕಟ್ಟಿಸಿದವರು ಫ್ರಾನ್ಸ್ ದೇಶದ ಪಾದ್ರಿ ಅಬ್ಬೆ ದುಬ್ವಾ.

'ಅಬ್ಬೆ' ಎಂಬುದು ಫ್ರೆಂಚರು ಪಾದ್ರಿಯನ್ನು ಕರೆಯುವ ಗೌರವದ ಮಾತು. ಮೂಲದಲ್ಲಿ ಅದಕ್ಕೆ ತಂದೆ ಎಂಬ ಅರ್ಥ; ಕನ್ನಡದಲ್ಲಿಯಾದರೋ ಅಬ್ಬೆ ಎಂದರೆ ತಾಯಿ. ಶಬ್ದ ಒಂದೇ, ನಾಡು ಬದಲಾದಂತೆ ಅರ್ಥ ಬೇರೆ. ಈ ಮನುಷ್ಯನ ಬಾಳಿನಲ್ಲಿಯೂ ಇಂತಹ ಎರಡು ಅರ್ಥಗಳಿರುವುದನ್ನು ಮುಂದೆ ನೋಡೋಣ.

ದುಬ್ವಾ ಅವರು ದಕ್ಷಿಣ ಫ್ರಾನ್ಸಿನ ವಿವಾರೆ ಪ್ರಾಂತದವರು. 1792ರಲ್ಲಿ ದೀಕ್ಷೆ ಪಡೆದು, ಪ್ಯಾರಿಸಿನ ವಿದೇಶೀ ಧರ್ಮಪ್ರಚಾರ ಸಂಘದ ಪರವಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ಕೆಲಸ ಮಾಡಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪು ಸುಲ್ತಾನನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಮೈಸೂರು ಸೀಮೆಗೆ ಬಂದರು. ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರ ಬಾಳು ಈ ನಾಡಿನಲ್ಲಿಯೇ ಸವೆಯಿತು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ಒಂದು ನೆಲೆಯನ್ನು ಏರ್ಪಡಿಸಿದರು. ಅವರು ಮುಂಡಾಸು ಸುತ್ತಿ, ಬಿಳಿಯ ನಿಲುವಂಗಿ ತೊಟ್ಟು, ಬಿದಿರ ಕೋಲು ಹಿಡಿದು ನಡೆಯುತ್ತಿದ್ದರು. ಇಲ್ಲಿಯ ಜನರ ಊಟ ಉಡುಪು ನಡಾವಳಿಗಳನ್ನೇ ತಮ್ಮವನ್ನಾಗಿ ಮಾಡಿಕೊಂಡರು. ಹಳ್ಳಿಯ ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದರಂತೆ. ಪರದೇಶದ ಪಾದ್ರಿಯನ್ನು ನಮ್ಮ ಜನ ಗುರುಸ್ಥಾನದ ಮಾತಿನಿಂದಲೇ ಕರೆದರೆಂಬುದು ಯೋಚಿಸಬೇಕಾದ ವಿಷಯ. ನಾಡಿನ ಸಾಮಾನ್ಯ ಜನ ಮೊದಲು ನೋಡುವುದು ಮತವನ್ನಲ್ಲ, ನಡೆಯನ್ನು.

ಇಂತಹ ಬಾಳ್ವೆಯನ್ನು ಆರಂಭಿಸಿದವರು ದುಬ್ವಾ ಅವರೇನೂ ಅಲ್ಲ. 1606ರಲ್ಲಿ ಮಧುರೆಗೆ ಬಂದ ಇಟಲಿಯ ರಾಬರ್ತೋ ದೆ ನೋಬಿಲಿ ಸಂನ್ಯಾಸಿಯ ವೇಷದಲ್ಲಿ ಬಾಳಿದರು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೋ ಚಿನ್ನಮಿ ಕನ್ನಡವನ್ನು ಕಲಿತು ಅದರ ವ್ಯಾಕರಣ ಬರೆದರು. ಇವರೆಲ್ಲರೂ ಜೆಸುಯಿಟ್ ಪಂಥದವರು. 1773ರಲ್ಲಿ ಪೋಪರು ಆ ಪಂಥವನ್ನೇ ವಿಸರ್ಜಿಸಿದ ಮೇಲೆ ಈ ಸೀಮೆಯ ಕಾರ್ಯ ಫ್ರೆಂಚ್ ಸಂಘದ ಪಾಲಿಗೆ ಬಂತು. ದುಬ್ವಾ ಅವರು ಬಂದುದು ಆ ಪರಂಪರೆಯಲ್ಲಿ. ಆ ಪರಂಪರೆಗೆ ಒಂದು ನಂಬಿಕೆಯಿತ್ತು: ಮೇಲು ವರ್ಣದವರನ್ನು, ಮುಖ್ಯವಾಗಿ ಬ್ರಾಹ್ಮಣರನ್ನು, ತತ್ತ್ವದಿಂದ ಒಲಿಸಿಕೊಂಡರೆ ಉಳಿದವರು ತಾವಾಗಿಯೇ ಹಿಂದೆ ಬರುತ್ತಾರೆ ಎಂದು. ನೀರು ಮೇಲಿನಿಂದ ಕೆಳಕ್ಕೆ ಹರಿಯುವಂತೆ ಧರ್ಮವೂ ಹರಿಯಬೇಕೆಂಬ ಲೆಕ್ಕಾಚಾರವದು.

ದುಬ್ವಾ ಅವರು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಒಂದು ದೊಡ್ಡ ಗ್ರಂಥ ಬರೆದರು. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಬಹುಕಾಲ ಈ ದೇಶವನ್ನು ಆಳಿದ ಅಧಿಕಾರಿಗಳಿಗೆ ಅದು ಕೈಪಿಡಿಯಂತಿತ್ತು. ಲಿಂಗಧಾರಿಗಳಾದ ನಮ್ಮವರ ಮಾತೂ ಅದರಲ್ಲಿದೆ. ಇವರು ಶವವನ್ನು ಸುಡದೆ ಹೂಳುತ್ತಾರೆ, ಉಳಿದವರು ಆಚರಿಸುವ ಸೂತಕಗಳನ್ನು ಲೆಕ್ಕಿಸುವುದಿಲ್ಲ ಎಂಬುದನ್ನು ಅವರ ಕಣ್ಣು ಗಮನಿಸಿತ್ತು. ಆದರೆ ಈ ಆಚರಣೆಗಳ ಹಿಂದೆ ಇದ್ದ ದರ್ಶನ ಅವರ ಕಣ್ಣಿಗೆ ಬೀಳಲಿಲ್ಲ. ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ವಚನಗಳು ಆಗ ಓಲೆಗರಿಗಳ ಕಟ್ಟುಗಳಲ್ಲಿದ್ದವು. ಅವರು ಭಾರತವನ್ನು ಬಿಟ್ಟುಹೋದದ್ದು 1823ರಲ್ಲಿ, ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ. ನಡುವೆ ಸರಿಯಾಗಿ ಒಂದು ನೂರು ವರ್ಷ.

ಈಗ ನಮ್ಮ ಪ್ರಶ್ನೆಗೆ ಸೇರಿದ ಭಾಗಕ್ಕೆ ಬರೋಣ. 1823ರಲ್ಲಿ, ಮೂವತ್ತೊಂದು ವರ್ಷಗಳ ಬಾಳಿನ ಕೊನೆಗೆ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಹಿಂದೂಗಳನ್ನು ಕ್ರೈಸ್ತಧರ್ಮಕ್ಕೆ ತರುವುದು ಆಗದ ಮಾತು ಎಂದು ಅವರು ಅದರಲ್ಲಿ ನಿರ್ಧಾರವಾಗಿ ಬರೆದರು. ಪ್ರಾಟೆಸ್ಟೆಂಟ್ ಪಾದ್ರಿಗಳು ಮರುವರ್ಷವೇ ಅದಕ್ಕೆ ಖಂಡನೆ ಬರೆದರು. ತಮ್ಮ ಕೆಲಸದ ಲೆಕ್ಕವನ್ನು ದುಬ್ವಾ ಅವರು ಮುಚ್ಚುಮರೆಯಿಲ್ಲದೆ ಕೊಟ್ಟಿದ್ದಾರೆ: ಒಬ್ಬ ದೇಶೀಯ ಪಾದ್ರಿಯ ನೆರವಿನೊಡನೆ ಇಷ್ಟು ಕಾಲದಲ್ಲಿ ತಾವು ಮತಾಂತರಗೊಳಿಸಿದವರು ಇನ್ನೂರರಿಂದ ಮುನ್ನೂರು ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಅಥವಾ ಭಿಕ್ಷುಕರು. ಉಳಿದವರು ಶೂದ್ರರು, ಅಲೆಮಾರಿಗಳು, ಜಾತಿಯಿಂದ ಹೊರಬಿದ್ದವರು. ಗತಿಯಿಲ್ಲದೆ, ಹೊಸ ಸಂಬಂಧ ಬೆಳೆಸಲೆಂದೋ ಮದುವೆಯಾಗಲೆಂದೋ ಬೇರೆ ಸ್ವಾರ್ಥಕ್ಕೆಂದೋ ಬಂದವರು. ಅವರ ಬರಹದ ತಾತ್ಪರ್ಯ ಇಷ್ಟು.

ಓದುಗರೇ, ಈ ಲೆಕ್ಕವನ್ನು ಎರಡು ಸಲ ಓದಿ. ಇದರಲ್ಲಿ ಎರಡು ಗುಣಗಳಿವೆ. ಒಂದು ಸತ್ಯನಿಷ್ಠೆ. ತನ್ನ ಜೀವಮಾನದ ಸೋಲನ್ನು ಇಷ್ಟು ನೇರವಾಗಿ ಲೋಕದ ಮುಂದೆ ಇಡುವ ಧೈರ್ಯ ಎಷ್ಟು ಜನ ಧರ್ಮಗುರುಗಳಿಗಿದೆ? ಆದರೆ ಇನ್ನೊಂದು ಗುಣ ಮನಸ್ಸಿಗೆ ನೋವು ತರುವಂಥದು. ಆ ಇನ್ನೂರು ಮುನ್ನೂರು ಜನ ಅವರ ಪಾಲಿಗೆ ಫಲವಾಗಿ ಕಾಣಲಿಲ್ಲ, ಫಲವಿಲ್ಲದುದಕ್ಕೆ ಸಾಕ್ಷಿಯಾಗಿ ಕಂಡರು. ಬಾರದೆ ಉಳಿದ ಪಂಡಿತರಿಗಾಗಿ ಅವರು ಹಂಬಲಿಸಿದರು; ಬಂದ ಬಡವರಿಗಾಗಿ ನಾಚಿದರು. ಅವರೇ ತಮ್ಮ ಗ್ರಂಥದಲ್ಲಿ ಜಾತಿವ್ಯವಸ್ಥೆಯನ್ನು ಈ ದೇಶದ ಶಾಸನಕರ್ತರ ಅತ್ಯುತ್ತಮ ಕೃತಿಯೆಂದು ಕೊಂಡಾಡಿದ್ದನ್ನು ನೆನೆದರೆ ಇದು ಆಶ್ಚರ್ಯವಲ್ಲ. ಮೆಟ್ಟಿಲುಗಳನ್ನು ಮೆಚ್ಚಿದವನಿಗೆ ಕೆಳಗಿನ ಮೆಟ್ಟಿಲಲ್ಲಿ ನಿಂತವನ ಭಕ್ತಿ ಕೆಳಗಿನದಾಗಿಯೇ ಕಾಣುವುದು ಸಹಜ.

ಈ ಲೆಕ್ಕವನ್ನು ನಮ್ಮ ಕಲ್ಯಾಣಕ್ಕೆ ಅನ್ವಯಿಸಿ ನೋಡೋಣ. ಹನ್ನೆರಡನೆಯ ಶತಮಾನದ ಅನುಭವ ಮಂಟಪದ ಬಾಗಿಲಲ್ಲಿ ಇಂತಹ ಒಬ್ಬ ಲೆಕ್ಕಿಗನು ಕುಳಿತಿದ್ದರೆ ಏನೆಂದು ಬರೆಯುತ್ತಿದ್ದ? ಮಾದಾರ ಚೆನ್ನಯ್ಯ: ಕೆಳಜಾತಿ. ಡೋಹರ ಕಕ್ಕಯ್ಯ: ಚರ್ಮ ಹದಮಾಡುವವನು. ಮಡಿವಾಳ ಮಾಚಯ್ಯ: ಬಟ್ಟೆ ಒಗೆಯುವವನು. ಅಂಬಿಗರ ಚೌಡಯ್ಯ: ದೋಣಿಯವನು. ಆಯ್ದಕ್ಕಿ ಮಾರಯ್ಯ: ನೆಲದ ಮೇಲೆ ಬಿದ್ದ ಅಕ್ಕಿ ಆಯುವವನು. ಕೊನೆಗೆ ಷರಾ ಬರೆದು, ಉಚ್ಚ ವರ್ಗದವರು ಅತ್ಯಲ್ಪ, ಆದುದರಿಂದ ಕಾರ್ಯ ನಿಷ್ಫಲ ಎನ್ನುತ್ತಿದ್ದ. ಆದರೆ ಬಸವಣ್ಣನವರು ಈ ಪಟ್ಟಿಯನ್ನೇ ತಮ್ಮ ವಂಶಾವಳಿಯಾಗಿ ಹೇಳಿಕೊಂಡರು. ಬ್ರಾಹ್ಮಣ ಕುಲದಲ್ಲಿ ಹುಟ್ಟಿ, ಬಿಜ್ಜಳನ ಭಂಡಾರಿಯಾಗಿದ್ದವರು, ಚೆನ್ನಯ್ಯ ಕಕ್ಕಯ್ಯರನ್ನು ತಮ್ಮ ಹಿರಿಯರೆಂದು ಕರೆದರು. ಒಂದು ಕಡೆ ಸೋಲಿನ ಪಟ್ಟಿ, ಇನ್ನೊಂದು ಕಡೆ ಹೆಮ್ಮೆಯ ಪಟ್ಟಿ. ಹೆಸರಿಸಿದ ಜನವರ್ಗ ಹೆಚ್ಚುಕಡಿಮೆ ಒಂದೇ. ಬೇರೆಯಾದುದು ಎಣಿಸುವವನ ಕಣ್ಣು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಶರಣರು ಕಾಯಕ ಮಾಡಿ ಉಂಡವರು, ಅನ್ನಕ್ಕಾಗಿ ಬಂದವರಲ್ಲ. ಹಸಿವಿನಿಂದ ಧರ್ಮಕ್ಕೆ ಬಂದವನು ನಾಳೆ ಇನ್ನೊಬ್ಬ ಹೆಚ್ಚು ಕೊಟ್ಟರೆ ಅತ್ತ ಹೋಗುತ್ತಾನೆ. ಆದುದರಿಂದ ಅವನ ಭಕ್ತಿ ಭಕ್ತಿಯಲ್ಲ, ವ್ಯವಹಾರ ಎಂಬುದು ಆ ಆಕ್ಷೇಪಣೆ. ಇದನ್ನು ಶಾಸ್ತ್ರಗಳ ಬೆಳಕಿನಲ್ಲಿ ಪರೀಕ್ಷಿಸೋಣ. ಭಗವದ್ಗೀತೆಯ ಏಳನೆಯ ಅಧ್ಯಾಯ ನಾಲ್ಕು ವಿಧದ ಭಕ್ತರನ್ನು ಹೇಳುತ್ತದೆ: ಆರ್ತ, ಜಿಜ್ಞಾಸು, ಅರ್ಥಾರ್ಥಿ, ಜ್ಞಾನಿ. ಜ್ಞಾನಿ ಶ್ರೇಷ್ಠನೆಂದು ಹೇಳಿದರೂ, ದುಃಖದಿಂದ ಕೂಗುವವನನ್ನೂ ಬೇಡಲು ಬಂದವನನ್ನೂ ಅಲ್ಲಿ ಹೊರಗೆ ಹಾಕಿಲ್ಲ. ಎಲ್ಲರೂ ಸುಕೃತಿಗಳೇ, ಉದಾರರೇ ಎಂದಿದೆ. ದುಬ್ವಾ ಅವರ ಧರ್ಮಗ್ರಂಥದಲ್ಲಿಯೇ ಒಂದು ಪ್ರಸಂಗವಿದೆ. ಯೇಸು ಸಾವಿರಾರು ಜನರಿಗೆ ರೊಟ್ಟಿ ಹಂಚಿಸಿದ ಮರುದಿನ ಜನ ಅವನನ್ನು ಹುಡುಕಿಕೊಂಡು ಬಂದರು. ನೀವು ಹೊಟ್ಟೆ ತುಂಬ ರೊಟ್ಟಿ ತಿಂದುದಕ್ಕಾಗಿ ನನ್ನನ್ನು ಹುಡುಕುತ್ತಿದ್ದೀರಿ ಎಂದು ಅವನು ಅವರನ್ನು ಎಚ್ಚರಿಸಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಎಚ್ಚರಿಸಿದ್ದು ನಿಜ, ಆದರೆ ಮೊದಲು ಉಣಿಸಿದ, ಆಮೇಲೆ ಎಚ್ಚರಿಸಿದ. ಉಣಿಸುವ ಮೊದಲು ಅವರ ಭಾವಶುದ್ಧಿಯನ್ನು ಪರೀಕ್ಷಿಸಲಿಲ್ಲ.

ನಮ್ಮ ಷಟ್‌ಸ್ಥಲ ಸಿದ್ಧಾಂತವೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬುವು ಸ್ಥಲಗಳು. ಐಕ್ಯಸ್ಥಲದಿಂದ ಆರಂಭಿಸುವ ಸಾಧಕನಿಲ್ಲ. ಏನೂ ಬೇಡದ ಸ್ಥಿತಿ ಸಾಧನೆಯ ಕೊನೆಯಲ್ಲಿ ದೊರೆಯುವುದು; ಅದನ್ನು ಪ್ರವೇಶದ ಶುಲ್ಕವಾಗಿ ಕೇಳಿದರೆ ಒಳಗೆ ಯಾರೂ ಬರುವಂತಿಲ್ಲ. ಇನ್ನು ಪ್ರಸಾದ ತತ್ತ್ವವನ್ನು ನೋಡಿ. ಅನ್ನವು ಅನ್ನವಾಗಿ ಬಂದು, ಲಿಂಗಕ್ಕೆ ಅರ್ಪಿತವಾಗಿ, ಪ್ರಸಾದವಾಗುತ್ತದೆ. ಅನ್ನವೇ ಮಾರ್ಪಡಬಹುದಾದರೆ ಅನ್ನಕ್ಕಾಗಿ ಬಂದ ಮನುಷ್ಯ ಮಾರ್ಪಡಲಾರನೆ? ಎಲ್ಲರೂ ಮಾರ್ಪಡುತ್ತಾರೆಂದು ಹೇಳಲಾಗದು. ಕೆಲವರು ಉಂಡು ಹೋಗುತ್ತಾರೆ. ಹೋದರೆ ನಷ್ಟವೇನು? ಹಸಿದ ಒಂದು ಜೀವ ಉಂಡಿತು. ಅದು ಸ್ವತಃ ಸಾರ್ಥಕವಾದ ಕೆಲಸ. ಇನ್ನೊಂದು ಕೆಲಸಕ್ಕೆ ಪೀಠಿಕೆಯಲ್ಲ.

ಹಸಿವು ಎಂದರೆ ಹೊಟ್ಟೆಯದು ಮಾತ್ರವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಮದುವೆಗೆಂದು, ಹೊಸ ಸಂಬಂಧಕ್ಕೆಂದು ಬಂದರು ಎಂದು ದುಬ್ವಾ ಬರೆದರು. ಜಾತಿಯಿಂದ ಹೊರಬಿದ್ದವನಿಗೆ ಹೆಣ್ಣು ಕೊಡುವವರಿಲ್ಲ, ಸತ್ತರೆ ಹೆಗಲು ಕೊಡುವವರಿಲ್ಲ. ಅವನು ನಾಲ್ಕು ಜನರ ನಡುವೆ ಮನುಷ್ಯನಾಗಿ ನಿಲ್ಲಬೇಕೆಂದು ಬಯಸಿ ಬಂದರೆ ಅದನ್ನು ಸ್ವಾರ್ಥವೆನ್ನಬಹುದೆ? 1956ರಲ್ಲಿ ನಾಗಪುರದಲ್ಲಿ ಡಾ. ಅಂಬೇಡ್ಕರ್ ಅವರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದ ಲಕ್ಷಾಂತರ ಜನರೂ ಒಂದು ಹಸಿವಿನಿಂದಲೇ ಬಂದವರು. ಅದು ಗೌರವದ ಹಸಿವು. ಸಿರಿವಂತನು ಶಾಂತಿಗಾಗಿ ಮಠಕ್ಕೆ ಬರುತ್ತಾನೆ, ರೋಗಿಯು ಆರೋಗ್ಯಕ್ಕಾಗಿ ಬರುತ್ತಾನೆ, ಮಕ್ಕಳಿಲ್ಲದವರು ಸಂತಾನಕ್ಕಾಗಿ ಹರಕೆ ಹೊರುತ್ತಾರೆ. ಇವರನ್ನೆಲ್ಲ ಭಕ್ತರೆಂದು ಕರೆದು, ಅನ್ನಕ್ಕೂ ಮಾನಕ್ಕೂ ಬಂದವನನ್ನು ಮಾತ್ರ ಆಮಿಷಕ್ಕೆ ಒಳಗಾದವನೆಂದು ಕರೆಯುವುದು ಯಾವ ನ್ಯಾಯ?

ಹಾಗಾದರೆ ಆಮಿಷವೆಂಬುದೇ ಇಲ್ಲವೆ? ಇದೆ; ಆದರೆ ಅದು ಇರುವುದು ಬೇಡುವವನಲ್ಲಿ ಅಲ್ಲ, ನೀಡುವವನಲ್ಲಿ. ಹಸಿದು ಕೈಚಾಚುವುದು ದೇಹಧರ್ಮ. ಚಾಚಿದ ಕೈಯನ್ನು ನೋಡಿ, ಇದಕ್ಕೆ ಬದಲು ನೀನೇನು ಕೊಡುವೆ, ನಿನ್ನ ಹೆಸರು, ನಿನ್ನ ದೇವರು, ನಿನ್ನ ಮತ, ನಿನ್ನ ಜೈಕಾರ ಎಂದು ಕೇಳುವುದು ಅಧರ್ಮ. ಇದನ್ನು ಯಾವ ಧರ್ಮದವರು ಮಾಡಿದರೂ ಅಧರ್ಮವೇ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಮಾರಯ್ಯ ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೇಕೆ, ಇದನ್ನು ಅಲ್ಲಿಯೇ ಸುರಿದು ಬಾ ಎಂದು ಆ ತಾಯಿ ತಿರುಗಿ ಕಳುಹಿಸಿದಳು. ಆ ಅಕ್ಕಿ ದಾಸೋಹಕ್ಕೆಂದೇ ತಂದದ್ದು. ಆದರೂ ಹೆಚ್ಚು ಮಾಡಿದೆನೆಂಬ ಆಸೆ ಅದರಲ್ಲಿ ಸೇರಿದ್ದುದರಿಂದ ಅವಳಿಗೆ ಬೇಡವಾಯಿತು. ನೀಡುವವನ ಮನಸ್ಸನ್ನು ಇಷ್ಟು ಸೂಕ್ಷ್ಮವಾಗಿ ಶೋಧಿಸಿದ ನೀತಿ ಅಪೂರ್ವ.

ದುಬ್ವಾ ಅವರ ಬಾಳಿನಲ್ಲಿಯೇ ಈ ನೀತಿಗೆ ಒಪ್ಪುವ ಒಂದು ಅಧ್ಯಾಯವಿದೆ; ಅದನ್ನು ಅವರು ತಮ್ಮ ಮತಪ್ರಚಾರದ ಲೆಕ್ಕಕ್ಕೆ ಸೇರಿಸಲಿಲ್ಲ. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯರು ಸಿಡುಬಿಗೆ ಗೋವಿನ ಸಿಡುಬಿನಿಂದ ರಕ್ಷಣೆ ದೊರೆಯುವುದನ್ನು 1798ರಲ್ಲಿ ಪ್ರಕಟಿಸಿದರು. ಆ ಲಸಿಕೆ 1802ರಲ್ಲಿ ಮುಂಬಯಿಗೆ ತಲುಪಿತು. 1803–04ರಲ್ಲಿಯೇ ದುಬ್ವಾ ಅವರು ಮೈಸೂರು ಸೀಮೆಯಲ್ಲಿ ಲಸಿಕೆಯ ಕಾರ್ಯವನ್ನು ಕೈಗೊಂಡರು. ಅವರ ಮೇಲ್ವಿಚಾರಣೆಯಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಲಾಯಿತು. ಆ ಕಾಲದಲ್ಲಿ ಲಸಿಕೆಯನ್ನು ಸೀಸೆಗಳಲ್ಲಿ ಇಟ್ಟು ಕಾಪಾಡುವ ಉಪಾಯ ಸುಲಭವಾಗಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಚುಚ್ಚಬೇಕಾಗಿತ್ತು. ತೋಳಿನಿಂದ ತೋಳಿಗೆ ಸಾಗುವ ಆ ರಸಕ್ಕೆ ಕುಲವಿರಲಿಲ್ಲ. ಜಾತಿಯನ್ನು ಮೆಚ್ಚಿ ಬರೆದ ಕೈಯೇ ಜಾತಿ ನೋಡದ ರಸವನ್ನು ಊರೂರಿಗೆ ಹಬ್ಬಿಸಿತು. ಆ 25,000 ಜನರಲ್ಲಿ ಎಷ್ಟು ಮಂದಿ ಕ್ರೈಸ್ತರಾದರೆಂದು ಯಾರೂ ಕೇಳಲಿಲ್ಲ, ಬದುಕಿದರೆ ಸಾಕಿತ್ತು. ಆ ಮಾರಿ 1980ರಲ್ಲಿ ಲೋಕದಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇನ್ನೂರು ಮುನ್ನೂರು, ಇಪ್ಪತ್ತೈದು ಸಾವಿರ. ಬದಲಿಗೆ ಮತವನ್ನು ಬಯಸಿದ ಕಡೆ ಅವರಿಗೆ ನಿರಾಶೆ ಉಳಿಯಿತು. ಬದಲಿಗೆ ಏನನ್ನೂ ಬಯಸದ ಕಡೆ ಅವರು ನಿಜವಾಗಿಯೂ ಜನರು ಕರೆದ 'ದೊಡ್ಡ ಸ್ವಾಮಿ'ಯಾದರು. ಮೇಲೆ ಹೇಳಿದ ಎರಡು ಅರ್ಥ ಇವೇ. ಮತವನ್ನು ಎಣಿಸುತ್ತ ಕುಳಿತ ತಂದೆಯಂತೆ ಒಂದು ರೂಪ; ಮಗುವಿನ ತೋಳನ್ನು ಹಿಡಿದ ತಾಯಿಯಂತೆ ಇನ್ನೊಂದು.

ಅವರಿಗೆ ಅನ್ಯಾಯವಾಗದಂತೆ ಇನ್ನೊಂದು ಮಾತನ್ನೂ ಹೇಳಬೇಕು. ಅವರು ಹೊರಟ 1792ರ ವರ್ಷದಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಪಾದ್ರಿಗಳ ವಿರುದ್ಧ ತಿರುಗಿತ್ತು. ಆ ಸೆಪ್ಟೆಂಬರಿನಲ್ಲಿ ಪ್ಯಾರಿಸಿನಲ್ಲಿ ನೂರಾರು ಪಾದ್ರಿಗಳು ಕೊಲೆಯಾದರು. ತನ್ನ ದೇಶ ತನ್ನಂಥವರಿಗೆ ಸುರಕ್ಷಿತವಲ್ಲದಿದ್ದ ಕಾಲದಲ್ಲಿ ಈ ನಾಡು ಅವರಿಗೆ ನೆಲೆ ಕೊಟ್ಟಿತು, ಉಡಿಗೆ ಕೊಟ್ಟಿತು, ಉಣಿಸು ಕೊಟ್ಟಿತು, ಹೆಸರು ಕೊಟ್ಟಿತು. ಅವರ ಹೆಸರು ಬೆಳಗಿದ ಗ್ರಂಥದ ಬಹುಭಾಗವೂ ಅವರಿಗಿಂತ ಹಿಂದೆ ದಕ್ಷಿಣ ಭಾರತದಲ್ಲಿ ದುಡಿದ ಕೂರ್ದೂ ಎಂಬ ಜೆಸುಯಿಟ್ ಪಾದ್ರಿಯ ಹಸ್ತಪ್ರತಿಯನ್ನು ಆಧರಿಸಿದ್ದೆಂದು, ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿಕೊಟ್ಟಿದೆ. ಹೀಗೆ ಅಗತ್ಯವುಳ್ಳವನಾಗಿ, ಪಡೆದುಕೊಳ್ಳುವವನಾಗಿಯೇ ಅವರೂ ಬಾಳಿದರು. ಹಾಗೆಂದು ಅವರ ಶ್ರದ್ಧೆಯನ್ನು ಯಾರೂ ಸ್ವಾರ್ಥವೆನ್ನುವುದಿಲ್ಲ; ಎನ್ನಲೂ ಬಾರದು. ತಮಗೆ ಲೋಕವು ತೋರಿದ ಆ ಉದಾರತೆಯನ್ನು ಅವರು ತಮ್ಮ ಬಾಗಿಲಿಗೆ ಬಂದ ಭಿಕ್ಷುಕನಿಗೆ ತೋರಲಾರದೆ ಹೋದದ್ದೇ ವಿಷಾದ. 1823ರ ಜನವರಿಯಲ್ಲಿ ಕಂಪನಿಯ ವಿಶ್ರಾಂತಿ ವೇತನದೊಡನೆ ಅವರು ಹಡಗು ಹತ್ತಿದರು. ಪ್ಯಾರಿಸಿನಲ್ಲಿ ತಮ್ಮ ಸಂಘದ ಮುಖ್ಯಸ್ಥರಾಗಿ 1836ರಿಂದ 1839ರ ವರೆಗೆ ಇದ್ದು, 1848ರಲ್ಲಿ ತೀರಿಕೊಂಡರು.

ಈ ಕಥೆಯನ್ನು ಪರಧರ್ಮೀಯರ ದೋಷವನ್ನು ಎತ್ತಿ ತೋರಿಸಲೆಂದು ಹೇಳಿದ್ದಲ್ಲ. ನಮ್ಮ ಮನೆಯ ಲೆಕ್ಕವನ್ನೂ ನೋಡಬೇಕಲ್ಲವೆ? ಮಠಗಳೂ ಎಣಿಸುತ್ತವೆ. ಎಷ್ಟು ಶಾಲೆ, ಎಷ್ಟು ಕಾಲೇಜು, ಜಾತ್ರೆಗೆ ಎಷ್ಟು ಜನ, ವೇದಿಕೆಯ ಮೇಲೆ ಎಷ್ಟು ಗಣ್ಯರು ಎಂದು ಎಣಿಸುತ್ತವೆ. ದೊಡ್ಡ ಹುದ್ದೆಗೇರಿದ ಹಳೆಯ ವಿದ್ಯಾರ್ಥಿಯನ್ನು ಮುಂದಿನ ಸಾಲಿಗೆ ಕರೆದು, ಊರಿಗೆ ಹಿಂದಿರುಗಿ ನೇಗಿಲು ಹಿಡಿದವನನ್ನು ಹಿಂದಿನ ಸಾಲಿನಲ್ಲಿ ಬಿಟ್ಟರೆ ನಾವೂ ದುಬ್ವಾ ಅವರ ಪಟ್ಟಿಯನ್ನೇ ಬರೆದಂತಾಗುತ್ತದೆ. ಬಸವಣ್ಣನವರ ಹೆಸರು ಹೇಳಿ, ಹೆಣ್ಣು ಕೊಡುವಾಗ ತರುವಾಗ ಒಳಪಂಗಡವನ್ನು ವಿಚಾರಿಸುವ ಪದ್ಧತಿ ಇನ್ನೂ ನಮ್ಮಲ್ಲಿ ಉಳಿದಿದೆ. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ಜಾತಿಗನುಗುಣವಾಗಿ ಬೇರೆ ಬೇರೆ ಕೂರಿಸುತ್ತಿದ್ದರೆಂದು ಓದಿ ನಗುವ ಮೊದಲು ಇದನ್ನು ನೆನೆಯಬೇಕು. ಹೊಸ ಧರ್ಮಕ್ಕೆ ಬಂದರೂ ಹಳೆಯ ಮೆಟ್ಟಿಲುಗಳನ್ನು ಹೊತ್ತು ತರುವುದು ಮನುಷ್ಯನ ಸ್ವಭಾವ. ಅವುಗಳನ್ನು ಇಳಿಸಿ ಬಾ ಎಂದು ಹೇಳುವುದು ಗುರುವಿನ ಕರ್ತವ್ಯ.

ಇದಕ್ಕೆ ಮೇಲ್ಪಂಕ್ತಿಯೂ ನಮ್ಮಲ್ಲಿದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸುಮಾರು ಹತ್ತು ಸಾವಿರ ಮಕ್ಕಳ ಅನ್ನ, ವಸತಿ, ವಿದ್ಯೆಗಳ ಹೊಣೆ ಹೊತ್ತಿದ್ದರು. ಆ ಮಕ್ಕಳಲ್ಲಿ ಎಲ್ಲ ಜಾತಿಯವರೂ ಎಲ್ಲ ಮತದವರೂ ಇದ್ದರು. ಮುಸಲ್ಮಾನರ ಹುಡುಗನನ್ನು ಲಿಂಗ ಕಟ್ಟಿಕೊಂಡು ಬಾ ಎಂದು ಕೇಳಲಿಲ್ಲ. ದಲಿತರ ಹುಡುಗನಿಗೆ ಬೇರೆ ಪಂಕ್ತಿ ಹಾಕಲಿಲ್ಲ. ಒಲೆಯ ಬೆಂಕಿ ಆರದಂತೆ ನೋಡಿಕೊಂಡರು. ಈ ಮಕ್ಕಳೆಲ್ಲ ಹಸಿದು ಬಂದವರೇ. ಅವರಲ್ಲಿ ಭಕ್ತರೆಷ್ಟು ಎಂಬ ಲೆಕ್ಕವನ್ನು ಅವರು ಶಿವನಿಗೆ ಬಿಟ್ಟಿದ್ದರು.

ಈಗ ಮತ್ತೆ ಬಿಳಿಅಕ್ಕಿಪಳ್ಳಿಯ ಆ ಹುಲ್ಲುಮಾಡಿನ ಮಂದಿರವನ್ನು ನೆನೆಯಿರಿ. ಅಲ್ಲಿ ಪ್ರಾರ್ಥನೆಗೆ ಕೂಡುತ್ತಿದ್ದವರಲ್ಲಿ ಹೆಚ್ಚಿನವರು ದಂಡಿನ ಆಶ್ರಯದಲ್ಲಿ ಹೊಟ್ಟೆ ಹೊರೆಯಲೆಂದು ಊರು ಬಿಟ್ಟು ಬಂದ ಬಡಜನ. ಗುರು ಹಡಗು ಹತ್ತಿ ಹೊರಟುಹೋದರು. ಈ ಕೆಲಸ ಆಗದೆಂದು ಬರೆದರು. ಆದರೆ ಆ ಜನ ಬಿಡಲಿಲ್ಲ. ಹೋದ ಗುರುವಿನ ನಿರಾಶೆಯನ್ನು ಅವರು ತಮ್ಮ ನಿರಾಶೆಯಾಗಿ ಮಾಡಿಕೊಳ್ಳಲಿಲ್ಲ. ಸುಮಾರು ಆರು ದಶಕಗಳ ಮೇಲೆ ಅದೇ ಸ್ಥಳದಲ್ಲಿ ಕಲ್ಲಿನ ಗೋಪುರ ಎದ್ದಿತು. ಅದರ ನೆರಳಿಗೆ ಇಂದು ಯಾವ ಮತದವರು ಬಂದರೂ ಕಾರಣ ಕೇಳುವವರಿಲ್ಲ. ಬಡವನ ಭಕ್ತಿ ಗಾಳಿಗೆ ಹಾರುವ ಹೊಟ್ಟು ಎಂದು ತಿಳಿದವರಿಗೆ ಆ ಗೋಪುರವೇ ಉತ್ತರ.

ಆದುದರಿಂದ ಪ್ರಿಯ ಹಳೆಯ ವಿದ್ಯಾರ್ಥಿಗಳೇ, ಅನ್ನಕ್ಕಾಗಿ ಮಠಕ್ಕೆ ಬಂದೆವೆಂದು ನೀವು ತಲೆ ತಗ್ಗಿಸಬೇಕಾಗಿಲ್ಲ. ಹಸಿದು ಬಂದದ್ದು ನಿಮ್ಮ ದೋಷವಲ್ಲ. ಹಸಿದವನಿಗೆ ಬಾಗಿಲು ತೆರೆದಿಡುವುದೇ ಮಠಕ್ಕೆ ಮಠವೆಂಬ ಹೆಸರು ಬರಲು ಕಾರಣ. ಆದರೆ ಇಂದು ನೀವು ಉಂಡವರಾಗಿದ್ದೀರಿ, ನೀಡುವ ಸ್ಥಾನದಲ್ಲಿದ್ದೀರಿ. ನಿಮ್ಮ ಕಚೇರಿಯ ಮೇಜಿನ ಮುಂದೆ, ನಿಮ್ಮ ಆಸ್ಪತ್ರೆಯ ಬಾಗಿಲಲ್ಲಿ, ನಿಮ್ಮ ಮನೆಯ ಜಗಲಿಯ ಮೇಲೆ ಅಗತ್ಯದಿಂದ ಬಂದು ನಿಂತವನನ್ನು ಏಕೆ ಬಂದೆ, ಯಾರವನು, ಯಾವ ಕಡೆಯವನು ಎಂದು ಅಳೆಯಬೇಡಿ. ಅವನಿಂದ ಏನನ್ನೂ, ಕೃತಜ್ಞತೆಯನ್ನೂ, ಬಯಸದೆ ಕೊಡಿ. ಪರೀಕ್ಷೆ ಈಗ ನಡೆಯುತ್ತಿರುವುದು ಬಂದವನ ಭಕ್ತಿಗಲ್ಲ, ನಮ್ಮ ದಾಸೋಹಕ್ಕೆ. ಆ ಪರೀಕ್ಷೆಯಲ್ಲಿ ನಿಮ್ಮೆಲ್ಲರಿಗೂ ಜಯವಾಗಲೆಂದು ಶ್ರೀ ಗುರುವಿನಲ್ಲಿ ಪ್ರಾರ್ಥಿಸುತ್ತೇವೆ. ಶರಣು ಶರಣಾರ್ಥಿ.